‘ನಾಳೆ ಟೆಸ್ಟ್’ ಎಂಬ ಮೆಸೇಜು

ದೆವ್ವ ಬರದಿರಲೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ಉಪಾಯ ಈಗ ಕಾಲೇಜಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿದೆ. ರಾತ್ರಿ ಹನ್ನೊಂದಕ್ಕೆ ಲೆಕ್ಚರರು ‘ನಾಳೆ ಟೆಸ್ಟ್’ ಎಂದು ಹಾಕುತ್ತಾರೆ. ಸಿರುಗುಪ್ಪದ ಹುಡುಗ ಅಷ್ಟೊತ್ತಿಗೆ ಅವತ್ತಿನ ಡೇಟಾ ಮುಗಿಸಿ ಮಲಗಿರುತ್ತಾನೆ. ಬೆಳಿಗ್ಗೆ ಬಳ್ಳಾರಿ ಬಸ್ಸಿನಲ್ಲಿ ಸೀಟು ಸಿಕ್ಕಮೇಲೆ ಓದಿ, ‘ನಾಳೆ ತಾನೇ’ ಎಂದು ಕಿಟಕಿಗೆ ತಲೆಯಾನಿಸುತ್ತಾನೆ.

‘ನಾಳೆ’ಯಷ್ಟೇ ಅಪಾಯದ್ದು ‘ಮೇಲಿನ ಪಿಡಿಎಫ್ ನೋಡಿ’. ಮೇಲಿನದಕ್ಕೂ ಇದಕ್ಕೂ ನಡುವೆ ನಲವತ್ತು ‘ಓಕೆ ಸರ್’ ಕೂತಿರುತ್ತವೆ. ಯಾವ ಹೊತ್ತಿಗೆ ಓದಿದರೂ ಅದೇ ಅರ್ಥ ಕೊಡಬೇಕೆಂದರೆ ತಾರೀಕು, ವಾರ, ಗಂಟೆ, ವಿಷಯ, ಕೊಠಡಿ ಎಲ್ಲವೂ ಒಂದೇ ಮೆಸೇಜಿನಲ್ಲಿರಬೇಕು.

ಡೇಟಾ ಇಲ್ಲದವನಿಗೂ ಮುಟ್ಟಲೆಂದು ಎಸ್‌ಎಂಎಸ್ ಕಳಿಸಿದರೆ ಇನ್ನೊಂದು ಲೆಕ್ಕ. ಒಂದು ಎಸ್‌ಎಂಎಸ್ಸಿಗೆ ಇರುವುದು 140 ಬೈಟು ಜಾಗ. ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70. ಕಾಗುಣಿತ, ಒತ್ತು ಎಲ್ಲವೂ ಬೇರೆಬೇರೆ ಎಣಿಕೆ. ಕಣ್ಣಿಗೆ ಎರಡೇ ಅಕ್ಷರವಾದ ‘ಪ್ರಶ್ನೆ’ ಅಲ್ಲಿ ಏಳು. ‘ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ’ ಎಂದು ಗೌರವದಿಂದ ಶುರುಮಾಡಿದರೆ ಅರ್ಧಕ್ಕಿಂತ ಹೆಚ್ಚು, ಅಂದರೆ 37, ಹೆಸರಿಗೇ ಖರ್ಚು. ಎಪ್ಪತ್ತು ದಾಟಿದರೆ ಎರಡು ಮೆಸೇಜಿನ ದುಡ್ಡು. ‘ಮಾ.12 ಗುರು 10ಕ್ಕೆ ಇತಿಹಾಸ ಟೆಸ್ಟ್. ಕೊಠಡಿ 4. ಘಟಕ 2 ಮಾತ್ರ.’ ಇದು 54ರಲ್ಲಿ ಮುಗಿಯುತ್ತದೆ, ಸ್ವಲ್ಪ ಒರಟಾದರೂ.

ಸೂಚನೆಗಿಂತ ಪ್ರಶ್ನೆ ಕಳಿಸುವುದು ಲಾಭ. ಪಾಠವಾಗಿ ಎರಡು ಮೂರು ದಿನ ಬಿಟ್ಟು, ಮರೆವು ಶುರುವಾಗುವ ಹೊತ್ತಿಗೆ, ಒಂದೇ ಒಂದು ಪ್ರಶ್ನೆ. ಐದು ಕಳಿಸಿದರೆ ಒಂದಕ್ಕೂ ಉತ್ತರ ಬರದು. ಉತ್ತರ ಗ್ರೂಪಿನಲ್ಲಿ ಬೇಡ, ಲೆಕ್ಚರರ ನಂಬರಿಗೇ ಬರಲಿ. ಯಾರು ಏನು ಒತ್ತಿದರೆಂದು ಕಾಣುವ ಪೋಲ್‌ನಲ್ಲಿ ಮೊದಲ ಜಾಣನ ಹಿಂದೆ ಇಡೀ ಕ್ಲಾಸು ಸಾಗುತ್ತದೆ, ಜಾಣ ತಪ್ಪಿದ್ದರೂ. ಮರುದಿನ ಸರಿಯುತ್ತರದ ಜೊತೆಗೆ, ಹೆಚ್ಚು ಜನ ಬರೆದ ತಪ್ಪು ಯಾಕೆ ತಪ್ಪು ಎಂಬುದನ್ನೂ ಎರಡು ಸಾಲಿನಲ್ಲಿ ಹೇಳಬೇಕು. ಕಲಿಕೆ ಇರುವುದು ಆ ಎರಡು ಸಾಲಿನಲ್ಲೇ.

ಗ್ರೂಪೇ ಬೇಡವೆಂದು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ, ಲೆಕ್ಚರರ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಅದು ತಲುಪುವುದೇ ಇಲ್ಲ. ಕೊನೆಗೆ ‘ಅಡ್ಮಿನ್‌ಗಳು ಮಾತ್ರ’ ಎಂದು ಬೀಗ ಹಾಕುತ್ತಾರೆ. ಗ್ರೂಪು ತಣ್ಣಗಾಗುತ್ತದೆ. ಐದು ನಿಮಿಷಕ್ಕೆ ಲೆಕ್ಚರರ ಸ್ವಂತ ಇನ್‌ಬಾಕ್ಸಿಗೆ ಒಂದೊಂದಾಗಿ ಬರತೊಡಗುತ್ತವೆ: ‘ಓಕೆ ಸರ್’, ‘ಆಯ್ತ್ರಿ ಸರ್’, ‘ಸರ್, ಟೆಸ್ಟ್ ಯಾವತ್ತೈತ್ರಿ?’