ಕಯ್ಯೂರು ಕನ್ನಡದಲ್ಲಿ, ಎಣ್ಮಕಜೆ ಮಲಯಾಳದಲ್ಲಿ

ಕಾಸರಗೋಡು ಜಿಲ್ಲೆ ಕಂಡ ಎರಡು ದೊಡ್ಡ ಅನ್ಯಾಯಗಳಿಗೆ ಒಳ್ಳೆಯ ಕಾದಂಬರಿಗಳು ಸಿಕ್ಕಿವೆ. ಸಿಕ್ಕಿದ್ದು ಮಾತ್ರ ಭಾಷೆ ಅದಲುಬದಲಾಗಿ. ಕಯ್ಯೂರು ಮಲಯಾಳ ಮಾತಿನ ಊರು. ಅಲ್ಲಿನ ರೈತ ಹೋರಾಟಕ್ಕಾಗಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರ ಕತೆಯನ್ನು 1955ರಲ್ಲಿ 'ಚಿರಸ್ಮರಣೆ' ಎಂದು ಬರೆದವರು ಕನ್ನಡದ ನಿರಂಜನ. ಎಣ್ಮಕಜೆ ಕನ್ನಡ, ತುಳು ಮಾತಾಡುವ ಪಂಚಾಯತು. ಅಲ್ಲಿನ ಎಂಡೋಸಲ್ಫಾನ್ ಕೀಟನಾಶಕದ ದುರಂತ ಅದೇ ಊರಿನ ಹೆಸರಿನಲ್ಲಿ 2009ರಲ್ಲಿ ಕಾದಂಬರಿಯಾಗಿ ಬಂದದ್ದು ಮಲಯಾಳದಲ್ಲಿ, ಅಂಬಿಕಾಸುತನ್ ಮಾಂಗಾಡ್ ಅವರಿಂದ.

ಈ ಎರಡನ್ನೂ ಜೊತೆಗಿಟ್ಟು ಓದುವ ಕೆಲಸ ನಮ್ಮ ಕನ್ನಡ ಕೂಟಗಳಲ್ಲಿ ಸಾಲದು. ಅನ್ಯಾಯ ಎಂದೊಡನೆ ನಮ್ಮ ವೇದಿಕೆಗಳಿಗೆ ನೆನಪಾಗುವುದು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಮತ್ತು ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ. ಆ ನೋವು ನಿಜ, ಅದನ್ನು ಮರೆಯಬೇಕಾಗಿಲ್ಲ. ಆದರೆ ಅನ್ಯಾಯವೆಂದರೆ ಅದೊಂದೇ ಎಂದಾದರೆ ಗೇಣಿ ಅಳೆದು ಬರಿಗೈಯಾದ ಒಕ್ಕಲಿಗೂ ಎಣ್ಮಕಜೆಯ ಪಡ್ರೆ ಗ್ರಾಮದ ಮಗುವಿಗೂ ನಮ್ಮ ಸಾಹಿತ್ಯದ ಮಾತಿನಲ್ಲಿ ಜಾಗವೇ ಉಳಿಯುವುದಿಲ್ಲ.

'ಚಿರಸ್ಮರಣೆ'ಗೆ ಕೈಹಾಕುವ ಮುಂಚೆ ಒಂದು ಲೆಕ್ಕ ತಿಳಿದಿರಬೇಕು. ಉತ್ತರ ಮಲಬಾರಿನ ರೈತ ಸಂಘ ಎದ್ದು ನಿಂತದ್ದು ಬರಿಯ ಗೇಣಿಯ ವಿರುದ್ಧವಲ್ಲ. ಗೇಣಿಯ ಮೇಲೆ ವಾಶಿ, ನುರಿ ಎಂಬ ಹೆಸರಿನಲ್ಲಿ ಜನ್ಮಿಗಳು, ಅಂದರೆ ಭೂಮಾಲಿಕರು, ಕಿತ್ತುಕೊಳ್ಳುತ್ತಿದ್ದ ಹೆಚ್ಚುವರಿ ಧಾನ್ಯದ ವಿರುದ್ಧ. ಜನ್ಮಿಯ ಮನೆಯ ಅಳತೆಪಾತ್ರೆ ಊರಿನ ಅಳತೆಗಿಂತ ದೊಡ್ಡದಿದ್ದರೆ ರೈತ ಸುಳ್ಳು ಹೇಳದೆ, ಬಾಕಿ ಇಡದೆ ಕೊಟ್ಟರೂ ಪ್ರತಿ ವರ್ಷ ಸೋಲುತ್ತಾನೆ. ಇದು ಗೊತ್ತಿಲ್ಲದವರಿಗೆ ಹೋರಾಟ ಬರಿಯ ಘೋಷಣೆಯಾಗಿ ಕೇಳಿಸುತ್ತದೆ. ನಿರಂಜನರ ಜಾಣ್ಮೆ ಇರುವುದು ಆರಂಭದ ಆಯ್ಕೆಯಲ್ಲಿ. ಅವರು ಗಲ್ಲಿನಿಂದ ಹಿಂದಕ್ಕೆ ಬರುವುದಿಲ್ಲ. ಇಬ್ಬರು ಹುಡುಗರು ಮತ್ತು ಒಬ್ಬ ಶಾಲಾ ಮಾಸ್ತರರಿಂದ ಹೊರಟು, ಅಂಜಿಕೆ ಕರಗಿ ಧೈರ್ಯ ಕಟ್ಟುವುದನ್ನು ನಿಧಾನವಾಗಿ ತೋರಿಸುತ್ತಾರೆ. ಒಂದು ಕಡೆ ಮಾತ್ರ ಓದುಗ ನಿಂತು ಯೋಚಿಸಬೇಕು. 1941ರ ಮಾರ್ಚ್ 28ರ ಮೆರವಣಿಗೆಯ ಕೈಗೆ ಸಿಕ್ಕಿದ ಸುಬ್ಬರಾಯನ್ ಎಂಬ ಪೊಲೀಸ್ ಪೇದೆ ಹೊಳೆಗೆ ಹಾರಿ ಸತ್ತ. ಆತನೂ ಸಂಬಳಕ್ಕೆ ದುಡಿಯುವವನೇ. ನ್ಯಾಯದ ಪಕ್ಷದಲ್ಲಿರುವವರ ಕೈಯಿಂದ ಸಾವು ಸಂಭವಿಸಿದಾಗ ಅದನ್ನು ಎಲ್ಲಿ ಇಡುವುದು? ಈ ಪ್ರಶ್ನೆಯನ್ನು ದಾಟಿಸಿ ಮುಂದೆ ಹೋದ ಓದು ಅರ್ಧ ಓದು.

'ಎಣ್ಮಕಜೆ'ಯ ಕಷ್ಟ ಬೇರೆ ತರದ್ದು. ಅಲ್ಲಿ ಎದುರಾಳಿಗೆ ಮುಖವಿಲ್ಲ. ಗುಡ್ಡೆಯ ತಲೆಯಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಚಹಾ ಸೊಳ್ಳೆ ಎಂಬ ಕೀಟದ ಕಾಟಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಣೆ. ಮರದ ತುದಿಗಿಂತ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ನೀರಿನ ಮೂಲಗಳನ್ನು ಮುಚ್ಚಬೇಕು ಎಂಬ ನಿಯಮಗಳಿದ್ದವು. ಏರುತಗ್ಗಿನ ಗುಡ್ಡೆಗಳ ಮೇಲೆ ಅಷ್ಟು ಕೆಳಗೆ ಹಾರುವುದು ಹೇಗೆ? ಕೆಳಗಿನ ಮನೆಗಳಿಗೆ ನೀರು ಬರುವುದು ತೋಡಿನಿಂದ, ಗುಡ್ಡೆ ಕೊರೆದ ಸುರಂಗದಿಂದ. ಬಾವಿಗಾದರೆ ಮಡಲು ಮುಚ್ಚಬಹುದು; ಗುಡ್ಡೆಯೇ ಒಸರುವ ಸುರಂಗಕ್ಕೆ ಏನು ಮುಚ್ಚುವುದು? ಇದನ್ನು ಲೋಕಕ್ಕೆ ಮೊದಲು ತಿಳಿಸಿದವರಲ್ಲಿ ಕನ್ನಡಿಗರಿದ್ದಾರೆ. ಪತ್ರಕರ್ತ ಶ್ರೀ ಪಡ್ರೆ ಊನವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು, ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳಲ್ಲಿ ಕಂಡದ್ದನ್ನು ಗಟ್ಟಿಯಾಗಿ ಹೇಳಿದರು.

ಮುಖವಿಲ್ಲದ ಕೇಡನ್ನು ಕಾದಂಬರಿ ಮಾಡುವುದು ಹೇಗೆ ಎಂಬುದಕ್ಕೆ ಮಾಂಗಾಡ್ ಕಂಡುಕೊಂಡ ದಾರಿ ಪುರಾಣದ್ದು. ಲೋಕ ಬೇಡವೆಂದು ಜಟಾಧಾರಿ ಬೆಟ್ಟ ಸೇರಿದ ನೀಲಕಂಠ, ದೇವಯಾನಿ, ಅವರ ಗುಡಿಸಲಿಗೆ ಬರುವ ಮೈತುಂಬ ಹುಣ್ಣಿನ ಮಗು, ಮಾತಾಡುವ ಗುಹೆ. ಲೋಕ ಬಿಟ್ಟವರನ್ನೂ ಒಂದು ಮಗುವಿನ ಸಂಕಟ ಮತ್ತೆ ಲೋಕಕ್ಕೆ ಎಳೆತರುತ್ತದೆ ಎಂಬ ಈ ಹೆಣಿಗೆ ನನಗೆ ಸರಿಯೆನಿಸುತ್ತದೆ. ಅಪಾಯವೂ ಇದೆ. ಗುಹೆಯ ಮಾತಿಗೆ ಮರುಳಾದ ಓದುಗ ಹೆಲಿಕಾಪ್ಟರಿಗೆ ಅನುಮತಿ ಕೊಟ್ಟವರನ್ನು ಮರೆತು, ಕಣ್ಣೀರಿಟ್ಟು ಪುಸ್ತಕ ಮುಚ್ಚಬಹುದು.

ಧರ್ಮಾಧರ್ಮದ ಚರ್ಚೆಗೆ ನಮ್ಮಲ್ಲಿ ಕಾದಂಬರಿಗಿಂತ ಹಳೆಯ ಶಾಲೆಯೊಂದಿದೆ: ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ. ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು, ಶೇಣಿ ಗೋಪಾಲಕೃಷ್ಣ ಭಟ್ಟರ ನೆಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳುವಾಗ ರಾಮನೂ ಉತ್ತರ ಹುಡುಕಬೇಕಾಗುತ್ತದೆ. ಅಪರಾಧಿಯ ಪಕ್ಷವನ್ನೂ ಪೂರ್ತಿ ಕೇಳುವ ಈ ಗುಣ ದೊಡ್ಡದು. ಕೊರತೆಯೆಂದರೆ ಅಲ್ಲಿ ಮಾತು ಬಲ್ಲವನೇ ಗೆಲ್ಲುತ್ತಾನೆ. ವಾಲಿಯ ಹೆಂಡತಿ ತಾರೆಗೆ ಸಿಗುವ ಸಮಯ ಎಷ್ಟು? ಮಾತೇ ಇಲ್ಲದವನ ಪಾಡೇನು? 1933ರ 'ಚೋಮನ ದುಡಿ'ಯಲ್ಲಿ ಶಿವರಾಮ ಕಾರಂತರು ಇದಕ್ಕೆ ಉತ್ತರ ಕೊಟ್ಟರು: ಚೋಮನ ಕೈಗೆ ವಾದವನ್ನಲ್ಲ, ದುಡಿಯನ್ನು ಕೊಟ್ಟರು. ಧಣಿ ಸಂಕಪ್ಪಯ್ಯ ದುಷ್ಟನಲ್ಲ, ತಾಯಿಯ ಮಾತಿಗೂ ರೂಢಿಗೂ ಮಣಿಯುವವನು. 1948ರ 'ರಂಡಿಡಙಳಿ'ಯಲ್ಲಿ ತಕಳಿಯವರ ಕೋರನ್ ಬೇರೆ ದಾರಿ ಹಿಡಿಯುತ್ತಾನೆ. ಕೂಲಿಯನ್ನು ಭತ್ತದಲ್ಲೇ ಕೊಡಿ ಎಂದು ಕೇಳುತ್ತಾನೆ, ಸಂಘ ಕಟ್ಟುತ್ತಾನೆ. ಕನ್ನಡದ ಈ ಕಾದಂಬರಿ ಒಳ್ಳೆಯವನು ಯಾಕೆ ಸುಮ್ಮನಾದ ಎಂದು ತಡಕಿದರೆ, ಮಲಯಾಳದ್ದು ಜೊತೆಗೆ ಯಾರು ನಿಂತರು ಎಂದು ಕೇಳುತ್ತದೆ. ನಮಗೆ ಎರಡೂ ಬೇಕು.

ಹಾಗಾದರೆ ಓದುವುದು ಹೇಗೆ? ಹತ್ತು ಹನ್ನೆರಡು ಜನ, ನಾಲ್ಕು ಸಂಜೆ, ತಲಾ ಎರಡು ಗಂಟೆ ಸಾಕು. ಅಧ್ಯಕ್ಷರು, ಮುಖ್ಯ ಅತಿಥಿಗಳು ಬೇಡ. ಭಾಷಣ ಹೊಕ್ಕ ಕಡೆ ಪುಸ್ತಕ ತೆರೆಯುವುದೇ ಇಲ್ಲ. ಮೊದಲ ಸಂಜೆ 'ಚಿರಸ್ಮರಣೆ'ಯ ಎಂಟು ಹತ್ತು ಪುಟ ಗಟ್ಟಿಯಾಗಿ ಓದಿ, ಬೋರ್ಡಿನ ಮೇಲೆ ಅನ್ಯಾಯ ನಡೆದುಬಂದ ದಾರಿ ಬರೆಯಬೇಕು: ಆಜ್ಞೆ ಕೊಟ್ಟವರು ಯಾರು, ಹೊತ್ತು ತಂದವರು ಯಾರು, ಲಾಭ ಯಾರಿಗೆ, ನೋಡಿ ಸುಮ್ಮನಿದ್ದವರು ಯಾರು, ನೋವುಂಡವರು ಯಾರು. 'ಸಮಾಜ', 'ವ್ಯವಸ್ಥೆ' ಎಂಬ ಉತ್ತರಗಳನ್ನು ಬರೆಯಕೂಡದು. ಅವು ಬಂದರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಸಂಜೆ ಮಲಯಾಳದ ಪುಸ್ತಕ. ನಮ್ಮಲ್ಲಿ ಹಲವರಿಗೆ ಮಲಯಾಳ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಆದ್ದರಿಂದ ಒಬ್ಬರು ಮೂಲ ಓದಬೇಕು, ಇನ್ನೊಬ್ಬರು ಅರ್ಧರ್ಧ ಪುಟಕ್ಕೆ ಕನ್ನಡದಲ್ಲಿ ಹೇಳಬೇಕು. ಅಧ್ಯಾಯ ಮುಗಿಸಿ ಹೇಳಿದರೆ ಹೇಳಿದವರ ಅಭಿಪ್ರಾಯವೇ ಕಾದಂಬರಿಯಾಗಿಬಿಡುತ್ತದೆ. ಮೂರನೆಯ ಸಂಜೆ ತಾಳಮದ್ದಳೆಯ ಕ್ರಮ. ಸಿಂಪಡಣೆಗೆ ಅನುಮತಿ ಕೊಟ್ಟ ಅಧಿಕಾರಿಯಾಗಿ ಒಬ್ಬರು ಹತ್ತು ನಿಮಿಷ ಪ್ರಾಮಾಣಿಕವಾಗಿ ವಾದಿಸಲಿ. ಗೇರು, ವಿದೇಶಿ ವಿನಿಮಯ, ಕೂಲಿಯವರ ಕೆಲಸ ಎಲ್ಲವೂ ಬರಲಿ. ನೊಂದವರ ಪಕ್ಷ ಕೊನೆಗೆ, ಅಷ್ಟೇ ಸಮಯ, ಪುಸ್ತಕದಲ್ಲಿರುವ ವಿವರಗಳಿಂದ ಮಾತ್ರ. ಈ ನಿಯಮ ಸಡಿಲವಾದರೆ ಚೆನ್ನಾಗಿ ಅಳಿಸಬಲ್ಲವರು ಗೆದ್ದುಬಿಡುತ್ತಾರೆ. ನಾಲ್ಕನೆಯ ಸಂಜೆ ಕಯ್ಯೂರಿನ ಪೇದೆಗೆ ಮೀಸಲು.

ಜಾಗಕ್ಕೆ ಅಲೆಯಬೇಕಾಗಿಲ್ಲ. ಕರ್ನಾಟಕದಲ್ಲಿ ಹಳ್ಳಿಯ ಗ್ರಂಥಾಲಯ ಸರಕಾರದ್ದು. ಈಗ ಅರಿವು ಕೇಂದ್ರವಾಗಿ ಪಂಚಾಯತ್ ರಾಜ್ ಇಲಾಖೆಯ ಕೆಳಗಿದೆ. ಕೇರಳದಲ್ಲಿ ಗ್ರಂಥಶಾಲೆ ಸದಸ್ಯರದ್ದು. ಪಿ.ಎನ್. ಪಣಿಕ್ಕರ್ 1945ರಲ್ಲಿ ಕಟ್ಟಿದ ಸಂಘದಿಂದ ಬೆಳೆದ ಚಳವಳಿ ಅದು. ಸದಸ್ಯರು ಆರಿಸಿದ ಸಮಿತಿ ಪುಸ್ತಕ ಕೊಳ್ಳುತ್ತದೆ, ಚರ್ಚೆ ಇಡುತ್ತದೆ. ಈ ವಿಷಯದಲ್ಲಿ ಕೇರಳದ ಕ್ರಮವೇ ಮೇಲು. ನಾವು ಅದನ್ನು ಪರರದ್ದೆಂದು ದೂರ ನಿಂತು, ಕನ್ನಡ ಪುಸ್ತಕವಿಲ್ಲ ಎಂದು ಕೊರಗುವುದು ಸರಿಯಲ್ಲ. ಸದಸ್ಯರಾಗಿ, ಸಮಿತಿಗೆ ನಿಂತು, ಪುಸ್ತಕದ ಪಟ್ಟಿಯಲ್ಲಿ 'ಚಿರಸ್ಮರಣೆ' ಸೇರಿಸುವ ಹಕ್ಕು ನಮಗೂ ಇದೆ.

ಈ ಎರಡು ಕಾದಂಬರಿಗಳ ಬಳಿಕ ಮೂರನೆಯದಾಗಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಬೇಕು. ಕಾಸರಗೋಡಿನಲ್ಲಿ ಹುಟ್ಟಿದ ಅವರು 1981ರಲ್ಲಿ ಲಂಕೇಶ್ ಪತ್ರಿಕೆಗೆ ಅದನ್ನು ಧಾರಾವಾಹಿಯಾಗಿ ಕನ್ನಡದಲ್ಲೇ ಬರೆದರು. ಅಲ್ಲಿ ಜನ್ಮಿಯಿಲ್ಲ, ಹೆಲಿಕಾಪ್ಟರಿಲ್ಲ. ಗಂಡನನ್ನು ಪ್ರೀತಿಸುವ ನಾದಿರಾಳ ಮದುವೆ ಮುರಿಯುತ್ತದೆ. ಮತ್ತೆ ಅವನನ್ನೇ ಸೇರಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು. ಆ ಸಂಜೆ ಬೋರ್ಡಿನಲ್ಲಿ ಬರೆಯಬೇಕಾದ ಹೆಸರುಗಳು ನಾಲ್ಕೈದೇ, ಮತ್ತು ಆಜ್ಞೆ ಕೊಟ್ಟವರ ಸಾಲಿನಲ್ಲಿ ಮೊದಲು ಬರುವವನು ಅವಳ ತಂದೆ.