ಮದ್ದಿಗೆ ನಾಮಕರಣ

ಬಂಡೆ ಸಿಡಿಸುವವರ ಸುರಕ್ಷತೆಗೊಂದು ಪದಕೋಶ ಮಾಡಲು ಸಮಿತಿಯೊಂದು ಕೂತಿದೆ ಅಂದುಕೊಳ್ಳಿ. ಎಲ್ಲರೂ ಭಾಷೆ ಅರೆದು ಕುಡಿದವರು. ಬಂಡೆ ಸಿಡಿಯೋದನ್ನು ನೋಡಿದವರು ಒಬ್ಬರೂ ಇಲ್ಲ. ಸಿಡಿತದಿಂದ ದೂರ ಇರಬೇಕು ಅನ್ನೋ ನಿಯಮವನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಬೇರೆ ಸಿಗಲಿಕ್ಕಿಲ್ಲ.

ಮೊದಲ ಪದ ಮ್ಯಾಗಜೀನ್. ಸಿಡಿಮದ್ದನ್ನು ಬೀಗ ಹಾಕಿ ಇಡುವ ಉಗ್ರಾಣಕ್ಕೆ ಈ ಕಸುಬಿನಲ್ಲಿ ಹಾಗೇ ಹೆಸರು. ಸಮಿತಿ 'ನಿಯತಕಾಲಿಕೆ' ಅಂತ ಬರೆಯಿತು. ಈಗ ಬೋರ್ಡು ಹೀಗಿದೆ: 'ನಿಯತಕಾಲಿಕೆಯ ಹತ್ತಿರ ಬೆಂಕಿಕಡ್ಡಿ ಗೀರಬಾರದು. ಮದ್ದು, ಡಿಟೊನೇಟರ್ ಎರಡನ್ನೂ ಒಂದೇ ನಿಯತಕಾಲಿಕೆಯಲ್ಲಿ ಇಡಬಾರದು.' ಅಸಲಿಗೆ ಅರಬ್ಬಿಯಿಂದ ಬಂದ ಈ ಮಾತಿಗೆ ಉಗ್ರಾಣ ಅಂತಲೇ ಅರ್ಥ. 1731ರಲ್ಲಿ ಲಂಡನ್ನಿನ ಪತ್ರಿಕೆಯೊಂದು ತಾನೂ ಬರಹಗಳ ಉಗ್ರಾಣ ಅಂತ ಆ ಹೆಸರು ಇಟ್ಟುಕೊಂಡಿತು. ಸಾಲ ತಂದವರು ನಾವು ಬರೆಯುವವರು, ಬಂಡೆಯವರಲ್ಲ.

ಬರ್ಡನ್‌ಗೆ 'ಹೊರೆ' ಅಂದರು. ಎಷ್ಟು ಕಿಲೋ ಹೊರೆ ಅಂತ ಕೇಳಿದ್ರೆ ಉತ್ತರ ಮೀಟರಿನಲ್ಲಿ ಬರುತ್ತದೆ. ಮದ್ದು ತುಂಬಿದ ಕುಳಿಗೂ ಬಂಡೆಯ ಹತ್ತಿರದ ಬಯಲು ಮುಖಕ್ಕೂ ನಡುವಿನ ದೂರ ಅದು. ಕಡಿಮೆಯಾದ್ರೆ ಕಲ್ಲು ಹಾರಿ ಎಲ್ಲೆಲ್ಲೋ ಬೀಳುತ್ತದೆ. ಜಾಸ್ತಿಯಾದ್ರೆ ಬಂಡೆ ಜಗ್ಗುವುದಿಲ್ಲ, ನೆಲ ಮಾತ್ರ ಜೋರಾಗಿ ನಡುಗುತ್ತದೆ. 'ಪರ್ಮಿಟೆಡ್' ಮದ್ದಿಗೆ 'ಅನುಮತಿಸಿದ ಸ್ಫೋಟಕ' ಅಂದರು. ಹಾಗಾದ್ರೆ ಉಳಿದದ್ದೆಲ್ಲ ಕಳ್ಳಮಾಲಾ? ಕಲ್ಲಿದ್ದಲು ಗಣಿಯ ಗಾಳಿಯಲ್ಲಿರುವ ಮೀಥೇನ್‌ಗೆ ಬೆಂಕಿ ಹತ್ತಿಸದ ಹಾಗೆ ತಯಾರಿಸಿ, ಪರೀಕ್ಷೆ ಮಾಡಿ ಒಪ್ಪಿದ ಮದ್ದು ಅಂತ ಅದರರ್ಥ. ಇಷ್ಟುದ್ದ ಬರೆಯಲು ಕಾಲಂನಲ್ಲಿ ಜಾಗ ಇರಲಿಲ್ಲವಂತೆ.

ನನ್ನ ಎದೆ ಧಸಕ್ ಅಂದದ್ದು 'ಬತ್ತಿ' ಅನ್ನೋ ಪುಟದಲ್ಲಿ. ಇಂಗ್ಲೆಂಡಿನ ವಿಲಿಯಂ ಬಿಕ್‌ಫರ್ಡ್ 1831ರಲ್ಲಿ ಮಾಡಿದ ಸೇಫ್ಟಿ ಫ್ಯೂಸ್ ಇದೆಯಲ್ಲ, ನೂಲಿನ ಹೊದಿಕೆಯೊಳಗೆ ಕರಿಮದ್ದು ತುಂಬಿದ ಹುರಿ. ಒಂದು ಮೀಟರ್ ಉರಿಯಲು ಸುಮಾರು 2 ನಿಮಿಷ. ಹಚ್ಚಿದವನು ದೂರ ಹೋಗಿ ಸೇರಿಕೊಳ್ಳಲಿ ಅಂತಲೇ ಆ ನಿಧಾನ. ಡಿಟೊನೇಟಿಂಗ್ ಕಾರ್ಡ್ ಇನ್ನೊಂದು. ನೋಡಲು ಅದೂ ಹುರಿಯೇ. ಆದರೆ ಅದು ಉರಿಯುವುದಿಲ್ಲ, ಉದ್ದಕ್ಕೂ ಸಿಡಿಯುತ್ತದೆ. ಸೆಕೆಂಡಿಗೆ ಸುಮಾರು 7 ಕಿಲೋಮೀಟರ್ ವೇಗ. ಒಂದು ಹಚ್ಚಿ ನಡೆದು ಹೋಗಬಹುದಾದದ್ದು, ಇನ್ನೊಂದರಲ್ಲಿ ಕಣ್ಣು ಮಿಟುಕಿಸಲೂ ಪುರುಸೊತ್ತಿಲ್ಲ. ಸಮಿತಿ ಎರಡಕ್ಕೂ 'ಬತ್ತಿ' ಅಂತಲೇ ಬರೆದು, ಎರಡನೆಯದರ ಮುಂದೆ 'ನೋಡಿ: ಬತ್ತಿ' ಅಂತ ಸೇರಿಸಿತು. ಕಾಗದ ಉಳಿತಾಯ, ಅಲ್ವಾ?

ಸಿಡಿಸುವ ಮುಂಚೆ ಕೂಗುವ 'ಫೈರ್ ಇನ್ ದ ಹೋಲ್' ಇವರ ಕೈಯಲ್ಲಿ 'ಕುಳಿಯಲ್ಲಿ ಬೆಂಕಿ' ಆಗಿದೆ. ಕೂಗು ಕೇಳಿದವರು ಓಡಬೇಕು, ನಿಜ. ಬಕೆಟ್ ಹಿಡಿದು ಕುಳಿಯ ಕಡೆಗಲ್ಲ.

ಕೊನೆಗೆ ಮಿಸ್‌ಫೈರ್. ಸಿಡಿಯಬೇಕಿದ್ದ ಮದ್ದು ಪೂರ್ತಿಯೋ ಅರೆಬರೆಯೋ ಸಿಡಿಯದೆ ಒಳಗೇ ಉಳಿಯೋದು. ಈ ಕಸುಬಿನಲ್ಲಿ ಇದಕ್ಕಿಂತ ಹೆದರಬೇಕಾದದ್ದು ಕಡಿಮೆ. ನಿಯಮದಷ್ಟು ಹೊತ್ತು ಯಾರೂ ಹತ್ತಿರ ಸುಳಿಯಬಾರದು. ಆಮೇಲೂ ತಿಳಿದ ಬ್ಲಾಸ್ಟರ್ ಮಾತ್ರ ಹೋಗಬೇಕು. ಆ ಕುಳಿಗೇ ಮತ್ತೆ ಡ್ರಿಲ್ ಇಡೋದಂತೂ ಕೂಡದೇ ಕೂಡದು. ಸಮಿತಿಯ ಪದ: 'ವಿಫಲ ಸ್ಫೋಟ'. ಓದಿದ ಹೊಸ ಹುಡುಗನಿಗೆ ನಿರಾಳ. ಫೇಲಾಯ್ತಲ್ಲ, ಇನ್ನೇನು ಭಯ ಅಂತ ಡ್ರಿಲ್ ಎತ್ತಿಕೊಂಡು ಹೊರಡುತ್ತಾನೆ.

ಹಳೆಯ ಬ್ಲಾಸ್ಟರ್ ಅವನ ರಟ್ಟೆ ಹಿಡಿದು ನಿಲ್ಲಿಸಿ ಸಮಿತಿಗೆ ಕಾಗದ ಬರೆದ: 'ಸ್ವಾಮಿ, ಅದು ಸೋತಿಲ್ಲ, ಕಾದು ಕೂತಿದೆ. ಹಾಗಂತಲೇ ಬರೆಯಿರಿ.'

ಕಾದು ಕೂತದ್ದು ಕ್ರಿಯಾಪದ, ಪದಕೋಶಕ್ಕೆ ನಾಮಪದ ಬೇಕು ಅಂತ ಉತ್ತರ ಬಂತು. ಆದರೂ ಚರ್ಚೆಗೆ ಸಭೆ ಕರೆದರು. ಕೋರಂ ಸೇರಲಿಲ್ಲ. ನಡಾವಳಿಯಲ್ಲಿ 'ಸಭೆ ವಿಫಲ' ಅಂತ ಬರೆದು, ಮುಂದಿನ ತಾರೀಖು ಹಾಕಿದ್ದಾರೆ.