ತೆರೆದರೆ ಹಲೋ, ಮುಚ್ಚಿದರೆ ಕಟ್

ಬಕೆಟ್ ತುಂಬಿತಾ ಎಂದು ಬಗ್ಗಿ ನೋಡಹೋದೆ. ಅಂಗಿ ಜೇಬಿನಲ್ಲಿದ್ದ ಸ್ಮಾರ್ಟ್‌ಫೋನ್ ನನಗಿಂತ ಮೊದಲೇ ಹೋಗಿ ನೋಡಿಬಿಟ್ಟಿತು. ರಿಪೇರಿಯವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಐಸಿಯು ಬಾಗಿಲಲ್ಲಿ ನಿಂತ ಡಾಕ್ಟರ ಮುಖಭಾವದಲ್ಲಿ "ಒಂದು ವಾರ ನೋಡೋಣ ಸಾರ್" ಎಂದ. ಹಾಗಾಗಿ ಡ್ರಾಯರಿನಲ್ಲಿ ಸತ್ತ ಚಾರ್ಜರ್‌ಗಳ ಸಿಕ್ಕಿನಡಿ ಮಲಗಿದ್ದ ನನ್ನ ಹಳೇ ಫ್ಲಿಪ್ ಫೋನಿಗೆ ಮತ್ತೆ ನೌಕರಿ ಸಿಕ್ಕಿತು.

ಮೊದಲ ಜಗಳ ಸಿಮ್ಮಿನದು. ಆ ಫೋನಿನ ಗೂಡು 25 ಮಿ.ಮೀ. ಉದ್ದದ ಸಿಮ್ಮಿಗಾಗಿ ಮಾಡಿದ್ದು. ನನ್ನ ಹತ್ತಿರ ಇರುವುದು 12.3 ಮಿ.ಮೀ.ನ ನ್ಯಾನೋ ಸಿಮ್. ಹಾಕಿದರೆ ಮದುವೆ ಛತ್ರದಲ್ಲಿ ಒಬ್ಬನೇ ಮಲಗಿದ ಹಾಗೆ ಅತ್ತಿತ್ತ ಹೊರಳುತ್ತದೆ. ಪ್ಲಾಸ್ಟಿಕ್ ಚೌಕಟ್ಟಿನ ಅಡಾಪ್ಟರ್ ತಂದು ಕೂರಿಸಿ, ಬ್ಯಾಟರಿ ಹಾಕಿ, ಮುಚ್ಚಳ ಒತ್ತಿದೆ. ಫೋನ್ ಎದ್ದು ತಾರೀಕು ಕೇಳಿತು, ನಿದ್ದೆ ಹೋಗಿ ಎಷ್ಟು ಕಾಲವಾಯಿತು ಎನ್ನುವಂತೆ. ನಿಜ ಹೇಳಲು ಸಂಕೋಚವಾಯಿತು.

ಇಂಥ ಫೋನಿಗೂ ಒಂದು ಕಾಲವಿತ್ತು. 1996ರಲ್ಲಿ ಮೊಟೊರೊಲಾದ ಸ್ಟಾರ್‌ಟ್ಯಾಕ್ ಬಂದಾಗ ಅದರ ತೂಕ ಬರೀ 88 ಗ್ರಾಂ. ಇಂದಿನ ಎಷ್ಟೋ ಫೋನುಗಳು ಅದರ ಎರಡರಷ್ಟು ತೂಗುತ್ತವೆ. 2004ರ ರೇಜರ್ 13.9 ಮಿ.ಮೀ. ದಪ್ಪವಿದ್ದದ್ದೇ ಆಗ ದೊಡ್ಡ ಸುದ್ದಿ. ಮಾತು ಮುಗಿದ ಮೇಲೆ ಟಪ್ ಎಂದು ಮಡಚಿದರೆ ಎದುರಿಗಿದ್ದವರಿಗೆ ನಾವೇನೋ ದೊಡ್ಡ ವ್ಯವಹಾರ ಮುಗಿಸಿದೆವು ಅನ್ನಿಸಬೇಕು. ಸ್ಮಾರ್ಟ್‌ಫೋನಿನಲ್ಲಿ ಸಿಟ್ಟು ಬಂದರೂ ಕೆಂಪು ಗುಂಡಿಯನ್ನು ಮೆಲ್ಲಗೆ ಸವರಬೇಕಷ್ಟೇ. ಅದು ಸಿಟ್ಟಿಗೆ ಮಾಡುವ ಅವಮಾನ.

ಆದರೆ ಫ್ಲಿಪ್ ಫೋನಿನ ಸೊಗಸೂ ಗೋಳೂ ಅದೇ: ತೆರೆದರೆ ಹಲೋ, ಮುಚ್ಚಿದರೆ ಕಟ್. ನಡುವೆ ಯೋಚಿಸಲು ಜಾಗವಿಲ್ಲ. ಯಾರ ಕರೆ ಎಂದು ತೋರಿಸಲು ಹೊರಗೊಂದು ಪುಟ್ಟ ಪರದೆ ಇರುತ್ತದೆ, ನಿಜ. ನನ್ನ ಫೋನಿನದು ಕಣ್ಣು ಮುಚ್ಚಿ ವರ್ಷಗಳಾಗಿವೆ. ಯಾರೆಂದು ನೋಡಲು ತೆರೆಯಬೇಕು, ತೆರೆದರೆ ಎತ್ತಿದಂತೆಯೇ. ಎರಡನೇ ದಿನವೇ, ಹುಷಾರಿಲ್ಲವೆಂದು ರಜೆ ಹಾಕಿ ಕಾಲು ಚಾಚಿಕೊಂಡಿದ್ದವನು, ಗೆಳೆಯನೇ ಇರಬೇಕೆಂದು ತೆರೆದು "ಏನಪ್ಪಾ ದೊರೆ!" ಎಂದು ಅಬ್ಬರಿಸಿದೆ. ಆ ಕಡೆ ಮ್ಯಾನೇಜರ್. "ಧ್ವನಿ ಸುಧಾರಿಸಿದ ಹಾಗಿದೆ" ಎಂದರು.

ಸಮಜಾಯಿಷಿ ಶುರು ಮಾಡಿದೆ, ಕಟ್ ಆಯಿತು. ನಾನೇ ಮಾಡಿದೆ, ಮತ್ತೆ ಕಟ್. ಮೂರನೇ ಸಲ ಅವರೇ ಮಾಡಿ "ಏನ್ರೀ, ಮುಖದ ಮೇಲೆ ಬಾಗಿಲು ಹಾಕ್ತಿದ್ದೀರಾ?" ಎಂದು ಕೇಳುವಷ್ಟರಲ್ಲಿ ಅದೂ ಕಟ್. ಕಾರಣ ಆಮೇಲೆ ಹೊಳೆಯಿತು. ಫೋನಿನ ಮೇಲಿನ ಎಲೆಯಲ್ಲಿ ಪುಟ್ಟ ಅಯಸ್ಕಾಂತವಿರುತ್ತದೆ, ಕೆಳಗಿನದರಲ್ಲಿ ಅದನ್ನು ಮೂಸಿ ನೋಡುವ ಸೆನ್ಸರ್. ಅಯಸ್ಕಾಂತ ಹತ್ತಿರ ಬಂತೆಂದರೆ ಫೋನ್ ಮುಚ್ಚಿತೆಂದು ಲೆಕ್ಕ. ನಾನೋ, ಫೋನಿನ ಚರ್ಮದ ಚೀಲವನ್ನೂ ಅದೇ ಅಂಗೈಯಲ್ಲಿ ಹಿಡಿದಿದ್ದೆ. ಅದರ ಗುಂಡಿ ಅಯಸ್ಕಾಂತದ್ದು. ಇದನ್ನೆಲ್ಲ ವಿವರಿಸಲು ಮ್ಯಾನೇಜರಿಗೆ ನಾಲ್ಕನೇ ಸಲ ಫೋನ್ ಮಾಡುವ ಧೈರ್ಯ ಬರಲಿಲ್ಲ. ತೆರೆದೊಡನೆ ಎತ್ತದಂತೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇತ್ತೆಂದು ಗೊತ್ತಾದದ್ದು ಆರನೇ ದಿನ.

ಇನ್ನು ಕೀಲು. ಅದರೊಳಗೆ ಕಾಗದದಂತೆ ತೆಳ್ಳಗಿನ ಒಂದು ರಿಬ್ಬನ್ ಕೇಬಲ್ ಹಾದುಹೋಗುತ್ತದೆ. ಮೇಲಿನ ಪರದೆ, ಕಿವಿಯ ಸ್ಪೀಕರ್ ಎಲ್ಲ ಅದರ ದಯೆಯಲ್ಲೇ ಬದುಕಿರುವುದು. ಸಾವಿರಾರು ಸಲ ಮಡಚಿ ಬಿಡಿಸಿ ನನ್ನದರ ರಿಬ್ಬನ್ ಬಿರುಕು ಬಿಟ್ಟಿದೆ. ಪೂರ್ತಿ ತೆರೆದರೆ ಪರದೆ ಬೆಳ್ಳಗೆ, ದನಿ ಮಾಯ. ಸುಮಾರು 110 ಡಿಗ್ರಿಗೆ ನಿಲ್ಲಿಸಿದರೆ ಎಲ್ಲ ಸರಿ. ಆ ಕೋನದಲ್ಲಿ ಸ್ಪೀಕರ್ ಕಿವಿಗೆ ಹತ್ತಿದರೆ ಕೆಳಗಿನ ಎಲೆಯ ಮೈಕು ಗಾಳಿಯಲ್ಲಿ ಚಾಚಿಕೊಂಡು ದಾರಿಹೋಕರ ಮಾತು ಕೇಳುತ್ತದೆ. ಹಾಗಾಗಿ ಕೇಳುವಾಗ ಕಿವಿಗೆ, ಹೇಳುವಾಗ ಬಾಯಿಗೆ, ಮತ್ತೆ ಕಿವಿಗೆ. ದೂರದಿಂದ ನೋಡಿದವರಿಗೆ ಕೊಳಲು ನುಡಿಸಲು ಬಾರದವನು ಕಲಿಯುತ್ತಿರುವಂತೆ ಕಾಣುತ್ತಿತ್ತು.

ಕ್ಯಾಮೆರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. 640 ಗುಣಿಸು 480 ಚುಕ್ಕಿಗಳು. ತೆಗೆದವನಿಗೆ ಮಾತ್ರ ಯಾರ ಫೋಟೋ ಎಂದು ಗೊತ್ತಾಗುತ್ತದೆ.

ಮೆಸೇಜಿನ ಕಥೆ ಬೇರೆ. ಹೆಂಡತಿ ಕನ್ನಡದಲ್ಲಿ ಕಳಿಸಿದ್ದು ಇದರಲ್ಲಿ ಸಾಲು ಸಾಲು ಚೌಕಗಳಾಗಿ ಬಂತು. ಎಸ್ಸೆಮ್ಮೆಸ್ಸಿಗೆ 160 ಅಕ್ಷರದ ಮಿತಿ. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಅದು 70ಕ್ಕೆ ಇಳಿಯುತ್ತದೆ. ಅದರಲ್ಲೂ ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ, 'ಸ್ತ್ರೀ' ಒಂದಕ್ಕೇ ಆರು. ಅಂಥ ಜಾಗದಲ್ಲೂ ಅಷ್ಟು ಚೌಕಗಳನ್ನು ತುರುಕಿದ್ದಾಳೆಂದರೆ ವಿಷಯ ಬೈಗುಳವೇ ಇರಬೇಕೆಂದು ಊಹಿಸಿ 'ಸರಿ' ಎಂದು ಉತ್ತರಿಸಿದೆ. ಅವಳು ಕೇಳಿದ್ದು ಸ್ನಾನದ ಮನೆಯ ಹೊಸ ಬಕೆಟ್ ದೊಡ್ಡದು ಬೇಕೋ ಚಿಕ್ಕದು ಬೇಕೋ ಎಂದು.

ಈ ಫೋನಿನಲ್ಲಿ ಕನ್ನಡ ಬರೆಯಬೇಕಾದರೆ ಇಂಗ್ಲಿಷ್ ಅಕ್ಷರಗಳೇ ಗತಿ. 'ಅಮ್ಮ' ಎನ್ನಲು 2, 6, ಸ್ವಲ್ಪ ತಾಳ್ಮೆ, ಮತ್ತೆ 6, ಆಮೇಲೆ 2. ಅವಸರದಲ್ಲಿ 6ನ್ನು ಎರಡು ಸಲ ಒತ್ತಿದರೆ ಎರಡು ಎಮ್ ಬದಲು ಒಂದು ಎನ್ ಬಿದ್ದು 'ಅನ' ಆಗುತ್ತದೆ. ಈ ಕಷ್ಟಕ್ಕೆಂದೇ ಟಿ9 ಇದೆ, ಒಂಬತ್ತು ಕೀಲಿಯಲ್ಲಿ ಪೂರ್ತಿ ಪದ ಊಹಿಸುವ ಬುದ್ಧಿವಂತ. ಒಂದು ಕೀಲಿಯನ್ನು ಒಂದೇ ಸಲ ಒತ್ತಿದರೆ ಸಾಕು. ಆದರೆ ಅದರ ಲೆಕ್ಕದಲ್ಲಿ ಅಮ್ಮನೂ 2662, ಅಣ್ಣನೂ 2662. ನಿಘಂಟಿನಲ್ಲಿ ಅನ್ನಾ ಎಂಬ ಯಾರೋ ಪರದೇಶದ ಹೆಂಗಸು ಮೊದಲೇ ಸೀಟು ಹಿಡಿದು ಕೂತಿರುವುದರಿಂದ ಗೆಲುವು ಯಾವಾಗಲೂ ಅಣ್ಣನದೇ.

ಅಣ್ಣನಿಗೆ ನಾನು ಬರೆಯಹೊರಟದ್ದು ಇಷ್ಟೇ: "ಅಣ್ಣ, ಫೋನ್ ನೀರಿಗೆ ಬಿತ್ತು, ಅಮ್ಮ ಗೆ ಹೇಳಬೇಡ." ಎರಡೇ ನಿಮಿಷಕ್ಕೆ ಅವನ ಕರೆ. "ಏನೋ ಇದು, ಅಣ್ಣಂಗೆ ಹೇಳಬೇಡ ಅಂತ ಅಣ್ಣಂಗೇ ಮೆಸೇಜ್ ಹಾಕಿದ್ದೀಯ? ತಲೆಗೇನಾದ್ರೂ ಪೆಟ್ಟಾಯ್ತಾ?"

ವಿವರಿಸಿದೆ. ಬಿದ್ದು ಬಿದ್ದು ನಕ್ಕ. ಇಷ್ಟು ತಮಾಷೆಯ ಸಂಗತಿಯನ್ನು ಒಬ್ಬನೇ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ.

ಸಂಜೆ ಫೋನ್ ಹೊಡೆದುಕೊಂಡಿತು. ತೆರೆದೆ. ಅಮ್ಮ.

"ಹೊಸ ಫೋನು ನೀರಿಗೆ ಹಾಕಿದೆಯಂತೆ?"

ಏನು ಹೇಳಲೂ ತೋಚಲಿಲ್ಲ. ಕೈ ತಾನಾಗಿಯೇ ಫೋನನ್ನು 110 ಡಿಗ್ರಿಯಿಂದ ಇನ್ನೊಂದು ಚೂರು ಅಗಲಿಸಿತು. ದನಿ ಮಾಯ. "ಕೇಳಿಸ್ತಿಲ್ಲಮ್ಮಾ, ಕೇಳಿಸ್ತಿಲ್ಲ" ಎಂದು ಕೂಗಿ, ಹೆಂಡತಿಯ ಕಡೆ ತಿರುಗಿ ಅಣ್ಣನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ಬಗ್ಗೆ, ಚಿಕ್ಕಂದಿನಿಂದಲೂ ಅವನು ಹಾಗೇ ಎಂಬುದರ ಬಗ್ಗೆ, ಅಮ್ಮ ಅವನನ್ನು ತಲೆ ಮೇಲೆ ಕೂರಿಸಿಕೊಂಡದ್ದರ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದೆ. ಮೈಕು ಕೆಳಗಿನ ಎಲೆಯಲ್ಲಿದೆ, ಅದಕ್ಕೂ ಆ ರಿಬ್ಬನ್ನಿಗೂ ಯಾವ ಸಂಬಂಧವೂ ಇಲ್ಲ ಎಂಬುದು ನೆನಪಾದಾಗ ಮೂರು ನಿಮಿಷ ಕಳೆದಿತ್ತು.

ಮೆಲ್ಲಗೆ ಹಳೆಯ ಕೋನಕ್ಕೆ ತಂದು ಕಿವಿಗಿಟ್ಟೆ.

"ಮುಗೀತಾ?" ಎಂದಳು ಅಮ್ಮ. "ಈಗ ಹೇಳು, ಬಕೆಟ್ಟಿಗೆ ಹೇಗೆ ಬಿತ್ತು?"